ಮೂಲೆಗೊಂದು ಮಾನಿಟರ್

ಒಂದು ವಸ್ತುವನ್ನು ಕೊಳ್ಳಬೇಕೆಂದು ನಿರ್ಧರಿಸಿದ ಗಳಿಗೆಯಿಂದ ಅದು ಮನೆಗೆ ಬರುವ ತನಕ ಇರುತ್ತದಲ್ಲ, ಮನುಷ್ಯನ ಆಯುಷ್ಯದಲ್ಲಿ ಅದರಷ್ಟು ಸುಖದ ಕಾಲ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಬಂದ ಮೇಲೆ ಅದು ಬರೀ ವಸ್ತು. ಧೂಳು ಒರೆಸಬೇಕು, ರಿಪೇರಿ ಮಾಡಿಸಬೇಕು, ಬಂದವರಿಗೆಲ್ಲ ಎಷ್ಟು ಕೊಟ್ಟಿರಿ ಎಂಬುದಕ್ಕೆ ಉತ್ತರ ಹೇಳಬೇಕು. ಬರುವ ಮುಂಚೆ ಅದು ಕನಸು. ಲಗ್ನದ ವಿಷಯದಲ್ಲಿಯೂ ಹೀಗೆಯೇ ಏನು ಎಂದು ನೀವು ಕೇಳಬಹುದು. ಈ ಪ್ರಬಂಧವನ್ನು ನನ್ನ ಹೆಂಡತಿಯೂ ಓದುವವಳಿದ್ದಾಳೆ, ಆದ್ದರಿಂದ ಮುಂದೆ ಹೋಗೋಣ.

ನನ್ನ ಕನಸು ಒಂದು ಕಂಪ್ಯೂಟರ್ ಮಾನಿಟರ್. ದೊಡ್ಡದೇನಲ್ಲ, ಇಪ್ಪತ್ನಾಲ್ಕು ಇಂಚಿನದು, ಹಗುರವಾದ ಜೇಬಿಗೆ ತಕ್ಕದ್ದು. ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ಡ್ರಾಯಿಂಗು ತಪಾಸಣೆ ಮಾಡುವವನು. ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ ಮಾಡಿರಿ ಎಂದು ಕಂಪನಿಯವರು ಉದಾರವಾಗಿ ಹೇಳಿದರು. ಯಾವ ಮನೆಯಿಂದ, ಆ ಮನೆಯ ಯಾವ ಜಾಗದಿಂದ ಎಂದು ಹೇಳಲಿಲ್ಲ. ಪುಣೆಯ ಕೊಂಢವಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ನನ್ನ ಆಫೀಸು ಅಂದರೆ ಊಟದ ಟೇಬಲ್ಲು. ಅದೇ ಟೇಬಲ್ಲಿನ ಮೇಲೆ ನನ್ನ ಹೆಂಡತಿ ವಿಜಯಾ ಚಪಾತಿ ಲಟ್ಟಿಸುತ್ತಾಳೆ. ಹನ್ನೊಂದು ಗಂಟೆಗೆ ಲಟ್ಟಣಿಗೆ ಬಂತೆಂದರೆ ನನ್ನ ಲ್ಯಾಪ್‌ಟಾಪು ಸರಿಯಬೇಕು. ಸರಿದು ಸರಿದು ಅದರ ಕೀಲಿಗಳ ಸಂದಿಯಲ್ಲಿ ಗೋಧಿ ಹಿಟ್ಟು ಸೇರಿ, ಈಗ ಕೆಲವು ಅಕ್ಷರಗಳನ್ನು ಗುದ್ದಿಯೇ ಬರೆಯಬೇಕು. ಆ ಪುಟ್ಟ ಪರದೆಯಲ್ಲಿ ಡ್ರಾಯಿಂಗಿನ ದಶಾಂಶ ಚಿಹ್ನೆಗಳು ಕಾಣುವುದಿಲ್ಲ. ಒಮ್ಮೆ ಹಿಟ್ಟಿನ ಕಣವನ್ನೇ ದಶಾಂಶ ಚಿಹ್ನೆ ಎಂದು ತಿಳಿದು ಒಂದು ಬೋಲ್ಟನ್ನು ಸೂಜಿಯಷ್ಟು ಸಣ್ಣದು ಮಾಡಿದ್ದೆ.

ಆದ್ದರಿಂದ ನನಗೆ ಒಂದು ಮಾನಿಟರು ಬೇಕಿತ್ತು ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಒಂದು ಮೂಲೆ. ಇಷ್ಟು ವರ್ಷ ಪುಣೆಯಲ್ಲಿ ದುಡಿದು ಕಂತು ಕಟ್ಟಿದ ಮನೆಯಲ್ಲಿ ಇದು ನನ್ನದು ಎಂದು ಬೆರಳು ಮಾಡಿ ತೋರಿಸುವ ಒಂದು ಚೂರು ಜಾಗ ನನಗಿಲ್ಲ. ಫ್ರಿಜ್ಜಿನ ಹಿಂದೆ, ಗೋಡೆಗೂ ಅಡಿಗೆಮನೆಯ ಬಾಗಿಲಿಗೂ ನಡುವೆ ಒಂದು ಮೂಲೆ ಖಾಲಿ ಇತ್ತು. ಖಾಲಿ ಅಂದರೆ ರದ್ದಿ ಪೇಪರು, ಉಳ್ಳಾಗಡ್ಡಿ ಚೀಲ ಇಷ್ಟೇ. ಆದರೆ ಅದರ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ವಿಜಯಾ ಹುಬ್ಬಳ್ಳಿಯ ತವರಿನಿಂದ ತಂದ ಹೊಲಿಗೆ ಯಂತ್ರ ಮಂಚದ ಕೆಳಗೆ ಮಲಗಿ ಎಷ್ಟೋ ಕಾಲವಾಗಿತ್ತು. ಅದನ್ನು ಎಬ್ಬಿಸಿ ಆ ಮೂಲೆಯಲ್ಲಿ ಕೂಡಿಸುವ ಮಾತನ್ನು ಆಕೆ ಆಗಾಗ ಆಡುತ್ತಿದ್ದಳು. ನಾನು ಮಾನಿಟರಿನ ಮಾತು ತೆಗೆದಾಗ ಆಕೆ ಟೇಪು ತಂದು ಮೂಲೆ ಅಳೆದು ನ್ಯಾಯಾಧೀಶರ ಹಾಗೆ ತೀರ್ಪು ಕೊಟ್ಟಳು.

“ಆ ಮೂಲಿ ನೀವು ತಗೋರಿ. ಆದ್ರ ನಿಮ್ಮ ಸಾಮಾನು ಫ್ರಿಜ್ಜಿನಕಿಂತ ಮುಂದ ಒಂದು ಬಟ್ಟು ಸುದ್ದಾ ಬರಬಾರ್ದು. ಬಂತಂದ್ರ ನನ್ನ ಮಷೀನ್ ಅಲ್ಲಿಗೆ ಬರ್ತದ, ಮುಂದ ನೀವು ವಟಾ ವಟಾ ಅನಬ್ಯಾಡ್ರಿ.”

ಅಂದಿನಿಂದ ನನ್ನ ಅಭ್ಯಾಸ ಶುರುವಾಯಿತು. ಕಾರ್ಖಾನೆಯ ಬಸ್ಸಿನಲ್ಲಿ ಹೋಗುವಾಗ ಬರುವಾಗ ಮೊಬೈಲಿನಲ್ಲಿ ಮಾನಿಟರುಗಳ ವಿಡಿಯೋ ನೋಡಿದ್ದೇ ನೋಡಿದ್ದು. ಮೀಸೆ ಮೂಡದ ತರುಣರು ಉಸಿರು ಬಿಡದೆ ಮಾತಾಡುತ್ತಾರೆ. ಟಿಎನ್ ಪ್ಯಾನಲ್ಲು ಅಗ್ಗ, ಆದರೆ ಬದಿಯಿಂದ ನೋಡಿದರೆ ಬಣ್ಣ ಕೆಡುತ್ತದೆ. ವಿಎ ಪ್ಯಾನಲ್ಲಿನಲ್ಲಿ ಕಪ್ಪು ಬಲು ಕಪ್ಪು, ಆದರೆ ಚಿತ್ರ ಓಡಿದರೆ ಹಿಂದೆ ನೆರಳು ಉಳಿಯುತ್ತದೆ. ಐಪಿಎಸ್ ಪ್ಯಾನಲ್ಲು ಎಲ್ಲಕ್ಕಿಂತ ಮೇಲು. ಎಷ್ಟು ಓರೆಯಲ್ಲಿ ಕೂತು ನೋಡಿದರೂ ಬಣ್ಣ ಇದ್ದಂತೆಯೇ ಇರುತ್ತದೆ. ನನಗೆ ಈ ಓರೆಯ ಸಂಗತಿ ಭಾರೀ ಹಿಡಿಸಿತು. ಯಾಕೆ ಹಿಡಿಸಿತೋ, ನಾನು ಓರೆಯಲ್ಲಿ ಕೂಡುವವನೇ ಅಲ್ಲ, ನೇರ ಮುಂದೆ ಕೂಡಬೇಕೆಂದೇ ಇಷ್ಟೆಲ್ಲ ಮಾಡುತ್ತಿದ್ದದ್ದು. ಆದರೂ ಮನೆಯಲ್ಲಿ, ಲಿಫ್ಟಿನಲ್ಲಿ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸಿಕ್ಕವರಿಗೆಲ್ಲ ಐಪಿಎಸ್ ಮಹಿಮೆ ಹೇಳಿದೆ. ಮಲಗಿದಾಗಲೂ ಐಪಿಎಸ್ ಐಪಿಎಸ್ ಎಂದು ಕನವರಿಸಿದೆನಂತೆ. ಪೊಲೀಸರು ಯಾರನ್ನ ಹುಡುಕಾಕ್ಹತ್ಯಾರ, ಏನು ಮಾಡಿ ಬಂದೀರಿ ಎಂದು ವಿಜಯಾ ಬೆಳಿಗ್ಗೆ ಕೇಳಿದಳು.

ನಮ್ಮ ಓಣಿಯ ತುದಿಗೆ ಉಡುಪಿ ಕಡೆಯ ಶೆಟ್ಟರ ಹೋಟೆಲ್ಲಿದೆ. ಗಲ್ಲಾದ ಪಕ್ಕದಲ್ಲಿ ಅವರೊಂದು ಮಾನಿಟರು ಇಟ್ಟುಕೊಂಡು ಕ್ಯಾಮರಾದಲ್ಲಿ ಅಡಿಗೆಮನೆ ನೋಡುತ್ತಾರೆ. ಅನುಭವಸ್ಥರೆಂದು ಅವರ ಸಲಹೆ ಕೇಳಿದೆ. ಹರ್ಟ್ಸು, ರೆಸಲ್ಯೂಶನ್ನು ಎಂದು ನಾನು ಅಂದದ್ದನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, ಅದೆಲ್ಲ ತನಗೆ ಗೊತ್ತಿಲ್ಲ ಮಾರಾಯ್ರೆ, ಸಪ್ಲೈಯರು ಯಾವ ಟೇಬಲ್ಲಿಗೆ ಎರಡನೇ ಸಲ ಚಟ್ನಿ ಹಾಕಿದ ಎಂದು ಕಂಡರೆ ಅದು ಒಳ್ಳೆಯ ಮಾನಿಟರು ಎಂದರು. ಇಷ್ಟು ಖಚಿತವಾದ ಅಳತೆಗೋಲು ಆ ತರುಣರಲ್ಲಿ ಒಬ್ಬರ ವಿಡಿಯೋದಲ್ಲಿಯೂ ಇರಲಿಲ್ಲ. ನನಗೆ ಚಟ್ನಿಯ ಪ್ರಮೇಯ ಇಲ್ಲದ್ದರಿಂದ ದೋಸೆ ತಿಂದು ಎದ್ದು ಬಂದೆ.

ಕೊನೆಗೊಂದು ಶನಿವಾರ ತಿಲಕ್ ರಸ್ತೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೊರಟೆ. ಹೊರಡುವಾಗ ಎದೆ ಡವಡವ ಅನ್ನುತ್ತಿತ್ತು. ಕನ್ಯಾ ನೋಡಲು ಹೋದಾಗಲೂ ಹೀಗೆ ಆಗಿರಲಿಲ್ಲ. ಅಂಗಡಿಯ ಗೋಡೆಯ ತುಂಬ ಮಾನಿಟರುಗಳು, ಎಲ್ಲದರಲ್ಲಿಯೂ ಒಂದೇ ಗಿಳಿ. ಒಂದರಲ್ಲಿ ಹಸಿರು ಗಿಳಿ, ಇನ್ನೊಂದರಲ್ಲಿ ಅದೇ ಗಿಳಿ ಕಾಮಾಲೆ ಆದಂತೆ ಹಳದಿ. ನಾನು ಒಂದೊಂದರ ಮುಂದೆಯೂ ಬಗ್ಗಿ, ಎದ್ದು, ಎಡಕ್ಕೆ ಸರಿದು, ಬಲಕ್ಕೆ ಸರಿದು ಓರೆಯಿಂದ ಗಿಳಿ ನೋಡುತ್ತಿರುವಾಗ ಅಮೋಲ್ ಎಂಬ ತರುಣ ಸೇಲ್ಸ್‌ಮನ್ ಬಂದು, ಕಾಕಾ, ಏನು ಬೇಕು ಎಂದು ಮರಾಠಿಯಲ್ಲಿ ಕೇಳಿದ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನನ್ನ ಮರಾಠಿಯ ಬಗ್ಗೆ ನನಗೆ ಹೆಮ್ಮೆ ಇದೆ. ಪುಣೆಯ ರಿಕ್ಷಾದವರ ಜೊತೆ ವಾದಿಸಿ ಗೆದ್ದ ಮರಾಠಿ ಅದು. ಆದರೆ ಸಂತೋಷ ಮಿತಿ ಮೀರಿದಾಗ ಅದರ ಬ್ರೇಕು ಫೇಲಾಗಿ ಧಾರವಾಡದ ಕನ್ನಡ ಒಳಗೆ ನುಗ್ಗುತ್ತದೆ. ನಾವು ಮೂಲೆಗೆ ‘ಮೂಲಿ’ ಅನ್ನುತ್ತೇವೆ. ಮರಾಠಿಯಲ್ಲಿ ಮೂಲೆಗೆ ಕೋಪರಾ ಅನ್ನುತ್ತಾರೆ. ಮರಾಠಿಯಲ್ಲಿ ‘ಮುಲೀಸಾಠೀ’ ಅಂದರೆ ಹುಡುಗಿಗಾಗಿ, ಮಗಳಿಗಾಗಿ ಎಂದರ್ಥ. ಇದೇನು ನನಗೆ ಗೊತ್ತಿಲ್ಲದ ಮಾತಲ್ಲ. ನಮಗಿರುವುದು ಒಬ್ಬ ಮಗ, ಅವನು ನಾಸಿಕದ ಹಾಸ್ಟೆಲಿನಲ್ಲಿದ್ದಾನೆ, ಮಗಳಿಲ್ಲ ಎಂಬುದೂ ಗೊತ್ತಿತ್ತು. ಆದರೂ ಎದುರಿಗೆ ಅಷ್ಟೊಂದು ಗಿಳಿಗಳು ಇದ್ದವಲ್ಲ, ನಾನು ಉಬ್ಬಿಹೋಗಿ ಹೇಳಿದೆ: “ಘರಾತ ಏಕ ಮುಲೀ ಆಹೆ. ತ್ಯಾ ಮುಲೀಸಾಠೀ ಪಾಹಿಜೆ.” ಮನೆಯಲ್ಲಿ ಒಂದು ಮೂಲೆ ಇದೆ, ಅದಕ್ಕಾಗಿ ಬೇಕು ಎಂದು ನನ್ನ ಅರ್ಥ.

ಅಮೋಲನ ಮುಖ ಅರಳಿತು. ಎಷ್ಟು ದೊಡ್ಡವಳು ಎಂದು ಕೇಳಿದ. ಮರಾಠಿಯಲ್ಲಿ ದೊಡ್ಡವಳಿಗೂ ದೊಡ್ಡದಕ್ಕೂ ‘ಮೋಠೀ’ ಒಂದೇ ಮಾತು. ಮೂರೂವರೆ ಫೂಟು ಎಂದೆ. ಇನ್ನೂ ಸಣ್ಣವಳು ಎಂದ. ಸಣ್ಣದೇ, ಅದೇ ನನ್ನ ಚಿಂತೆ ಎಂದೆ. ಓದಲು ಕೂಡುವುದು ಎಲ್ಲಿ ಎಂದ. ಫ್ರಿಜ್ಜಿನ ಹಿಂದೆ ಎಂದೆ. ಅವನು ಅಲ್ಲಿ ಬೆಳಕು ಬರುತ್ತದೆಯೇ ಎಂದು ಕೇಳಿದ. ಕಿಟಕಿ ಇಲ್ಲ, ಹಗಲಲ್ಲಿಯೂ ಕತ್ತಲೆ ಎಂದೆ. ಗಿರಾಕಿಯ ಕಷ್ಟವನ್ನು ಇಷ್ಟು ಆಸ್ಥೆಯಿಂದ ಕೇಳುವ ಸೇಲ್ಸ್‌ಮನ್ ಸಿಕ್ಕಿದ್ದಕ್ಕೆ ನನಗೆ ಹಿಗ್ಗೋ ಹಿಗ್ಗು. ಮನಸ್ಸು ಬಿಚ್ಚಿ ಎಲ್ಲವನ್ನೂ ಹೇಳಿದೆ. ನಾವು ಇಷ್ಟು ವರ್ಷ ಆ ಕಡೆ ಲಕ್ಷ್ಯವನ್ನೇ ಕೊಟ್ಟಿಲ್ಲ, ರದ್ದಿ ಪೇಪರು, ಉಳ್ಳಾಗಡ್ಡಿ ಚೀಲ ಎಲ್ಲ ಅಲ್ಲೇ ಒಟ್ಟಿದ್ದೇವೆ, ವರ್ಷಕ್ಕೊಮ್ಮೆ ಗಣಪತಿ ಹಬ್ಬ ಬಂದಾಗ ನನ್ನ ಹೆಂಡತಿ ಕಸಬರಿಗೆ ಹಿಡಿದು ನೀರು ಸುರಿದು ತೊಳೆಯುತ್ತಾಳೆ ಎಂದೆ. ಈ ಮಾನಿಟರು ಸರಿಹೋಗದಿದ್ದರೆ ಹೊಲಿಗೆ ಮಷೀನಿಗೆ ಹಚ್ಚಿಬಿಡುತ್ತೇನೆ ಎಂದು ಆಕೆ ಹಟ ಹಿಡಿದಿದ್ದಾಳೆ ಎಂದೂ ಹೇಳಿದೆ.

ಅಮೋಲ್ ಒಳಗೆ ಹೋಗಿ ಮಾಲೀಕರ ಕಿವಿಯಲ್ಲಿ ಏನೋ ಹೇಳಿದ. ಮಾಲೀಕರು ಕನ್ನಡಕದ ಮೇಲಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು. ನನ್ನ ತಾಂತ್ರಿಕ ಜ್ಞಾನ ಇವರ ತನಕ ಮುಟ್ಟಿತು ಎಂದು ನಾನು ಎದೆ ಉಬ್ಬಿಸಿ ನಿಂತೆ. ಅಮೋಲ್ ಹೊರಗೆ ಬಂದವನು ವಿಎ ಪ್ಯಾನಲ್ಲಿನ ಬೆಲೆಗೇ ಒಳ್ಳೆಯ ಐಪಿಎಸ್ ಪ್ಯಾನಲ್ಲು ಕೊಡುತ್ತೇವೆ ಎಂದ. ಕಣ್ಣಿಗೆ ತೊಂದರೆ ಕೊಡದ ಪರದೆ, ಬೇಕಾದಷ್ಟು ಎತ್ತರಕ್ಕೆ ಏರಿಸುವ ಇಳಿಸುವ ಸ್ಟ್ಯಾಂಡು. ಸಂಜೆ ತಾನೇ ಖುದ್ದಾಗಿ ಮನೆಗೆ ತಂದು ಜೋಡಿಸಿ ಕೊಡುವುದಾಗಿಯೂ ಹೇಳಿದ. ನಾನು ಹೊರಡುವಾಗ ಬಾಗಿಲ ತನಕ ಬಂದು ಕೈ ಹಿಡಿದುಕೊಂಡು, “ಕಾಕಾ, ಮುಲೀಲಾ ಉಜೇಡಾತ ಬಸವಾ,” ಎಂದ. ಹುಡುಗಿಯನ್ನು ಬೆಳಕಿನಲ್ಲಿ ಕೂಡಿಸಿರಿ ಎಂದು ಅವನ ಕಳಕಳಿ. ಮೂಲೆಗೊಂದು ಟ್ಯೂಬ್‌ಲೈಟು ಹಾಕಿಸಿರಿ ಎಂದು ನಾನು ತಿಳಿದೆ. ಬರುವ ದಾರಿಯಲ್ಲಿ ಟ್ಯೂಬ್‌ಲೈಟು ಕೊಂಡೇ ಬಂದೆ.

ಸಂಜೆಯ ತನಕ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಮೂಲೆ ಗುಡಿಸಿದೆ, ಉಳ್ಳಾಗಡ್ಡಿ ಚೀಲ ಬಾಲ್ಕನಿಗೆ ಸಾಗಿಸಿದೆ, ಸಣ್ಣ ಟೇಬಲ್ಲು ಒರೆಸಿ ಒರೆಸಿ ನುಣುಪು ಮಾಡಿದೆ. ಟ್ಯೂಬ್‌ಲೈಟು ಹಚ್ಚಿದಾಗ ಆ ಮೂಲೆ ಬೇರೆ ಯಾರದೋ ಮನೆಯಂತೆ ಕಂಡಿತು. ನನ್ನ ಮೂಲೆ ಎಂದು ಎರಡು ಮೂರು ಸಲ ಬಾಯಿಬಿಟ್ಟು ಅಂದೂ ನೋಡಿದೆ, ಬಹಳ ಹಿತವೆನಿಸಿತು.

ಅಮೋಲ್ ಬಂದ. ಒಂದು ಕೈಯಲ್ಲಿ ಮಾನಿಟರಿನ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಸ್ಕೆಚ್ ಪೆನ್ನುಗಳ ಡಬ್ಬಿ ಮತ್ತು ಚಿಟ್ಟೆಯ ಚಿತ್ರದ ಗುಲಾಬಿ ಮೌಸ್ ಪ್ಯಾಡು. ವಿಜಯಾಳ ಕಡೆಗೆ ಅವನು ನೋಡಿದ ನೋಟ ಸ್ವಲ್ಪ ಬಿರುಸಾಗಿತ್ತು. ಆಕೆ ಕೊಟ್ಟ ನೀರನ್ನೂ ಕುಡಿಯಲಿಲ್ಲ. ಹುಡುಗಿ ಎಲ್ಲಿ ಎಂದು ಕೇಳಿದ. ಯಾವ ಹುಡುಗಿ ಎಂದು ವಿಜಯಾ ಕೇಳಿದಳು. ನಾನು ಮಾತ್ರ ಸಡಗರದಿಂದ ಮುಂದೆ ಹೋಗಿ, ಇದೋ ಇಲ್ಲಿದೆ ಎಂದು ಫ್ರಿಜ್ಜಿನ ಹಿಂದೆ ಕೈ ಮಾಡಿದೆ. ಅವನು ಹೆದರಿ ಹೆದರಿ ಇಣುಕಿದ. ಟ್ಯೂಬ್‌ಲೈಟಿನ ಕೆಳಗೆ ಟೇಬಲ್ಲಿತ್ತು, ಕುರ್ಚಿ ಇತ್ತು, ಮತ್ತೆ ಏನೂ ಇರಲಿಲ್ಲ. ಅವನು ನನ್ನ ಕಡೆ ತಿರುಗಿ, ಅವಳನ್ನು ಎಲ್ಲಿಗೆ ಕಳಿಸಿದಿರಿ ಎಂದು ಕೇಳಿದ.

ವಿಜಯಾಳ ಮರಾಠಿಯೋ, ಸಂತೆಯಲ್ಲಿ ತರಕಾರಿ ಕೊಂಡು, ಭಜನಾ ಮಂಡಳದಲ್ಲಿ ಹಾಡಿ ಪಳಗಿದ್ದು. ಅಂಗಡಿಯಲ್ಲಿ ಏನೇನು ಮಾತಾಯಿತು ಎಂದು ಅವನಿಂದ ಕೇಳಿದಳು, ಮೂಲೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ನಗೆಯ ನಡುವೆ ತುಂಡು ತುಂಡಾಗಿ ಅವನಿಗೆ ತಿಳಿಸಿ ಹೇಳಿದಳು. ತಿಳಿದ ಮೇಲೆ ಅವನೂ ಆಕೆಯ ಎದುರಿಗೇ ಕೂತು ನಕ್ಕ, ಎರಡು ಲೋಟ ನೀರು ಕುಡಿದ, ಚಕ್ಕುಲಿ ತಿಂದ. ನಾನೊಬ್ಬನೇ ನಿಂತಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಐಪಿಎಸ್ ಪ್ಯಾನಲ್ಲು ವಾಪಸ್ಸು ಒಯ್ಯುತ್ತಾನೇನೋ ಎಂದು ಒಳಗೊಳಗೇ ಜೀವ ಹಾರುತ್ತಿತ್ತು. ಪುಣ್ಯವಂತ, ಒಯ್ಯಲಿಲ್ಲ. ಇಷ್ಟು ನಕ್ಕು ಬಹಳ ದಿನವಾಗಿತ್ತು, ಅದಕ್ಕಾಗಿ ಇರಲಿ ಎಂದ.

ಮಾನಿಟರು ಮೂಲೆಯಲ್ಲಿ ಕೂತಿತು. ವಿಜಯಾ ಟೇಪು ಹಿಡಿದು ನೋಡಿದಳು; ಫ್ರಿಜ್ಜಿಗಿಂತ ಒಂದು ಬೆರಳಿನಷ್ಟೂ ಮುಂದೆ ಬಂದಿರಲಿಲ್ಲ. ಗೆದ್ದೆ. ಅಮೋಲ್ ಗುಂಡಿ ಒತ್ತಿದ, ಪರದೆ ಬೆಳಗಿತು, ಅಂಗಡಿಯ ಆ ಹಸಿರು ಗಿಳಿಯೇ ನನ್ನ ಮೂಲೆಯಲ್ಲಿ ರೆಕ್ಕೆ ಬಿಚ್ಚಿತು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಅಮೋಲನನ್ನು ಲಿಫ್ಟಿನ ತನಕ ಕಳಿಸಿ, ಶಿಳ್ಳೆ ಹಾಕುತ್ತ ತಿರುಗಿ ಬಂದೆ.

ನನ್ನ ಕುರ್ಚಿಯಲ್ಲಿ ವಿಜಯಾ ಕೂತಿದ್ದಳು. ಪರದೆಯ ತುಂಬ ಯಾರೋ ಒಬ್ಬಾಕೆ ರವಿಕೆಯ ತೋಳು ಕತ್ತರಿಸುವುದನ್ನು ಕಲಿಸುತ್ತಿದ್ದಳು. ಮೊಬೈಲಿನಾಗ ಹೊಲಗಿ ಕಾಣತಿದ್ದಿಲ್ಲ ನೋಡ್ರಿ, ಇದರಾಗ ಒಂದೊಂದು ದಾರ ಕಾಣತದ ಎಂದು ತಿರುಗಿ ನೋಡದೆಯೇ ಹೇಳಿದಳು. ಹೊಲಿಗೆ ಯಂತ್ರ ಮಂಚದ ಕೆಳಗಿನಿಂದ ಅರ್ಧ ಹೊರಗೆ ಬಂದಿತ್ತು. ನಾನು ನಮ್ಮ ಕರಾರನ್ನು ನೆನಪಿಸಿದೆ. ಸಾಮಾನು ಹೊಂದಿಕೊಂಡಿದೆ, ಆದ್ದರಿಂದ ಮೂಲೆ ನನ್ನದು ಎಂದೆ.

“ಅಂಗಡಿಯೊಳಗ ನೀವು ಏನಂದ್ರಿ?” ಎಂದು ಆಕೆ ಕೇಳಿದಳು. “ಮನ್ಯಾಗಿನ ಹುಡಿಗಿಗೆ ಬೇಕು ಅಂತ ನಾಕು ಮಂದಿ ಮುಂದ ಹೇಳಿ ತಂದೀರಿ. ಈ ಮನ್ಯಾಗ ಹುಡಿಗಿ ಅಂದ್ರ ನಾ ಒಬ್ಬಾಕಿನ ಅಲ್ಲೇನ್ರಿ?”

ಈ ಪ್ರಶ್ನೆಗೆ ಅಲ್ಲ ಎಂದು ಉತ್ತರ ಕೊಟ್ಟು ಅದೇ ಮನೆಯಲ್ಲಿ ಊಟ ಮಾಡಿದ ಗಂಡಸು ಯಾರಾದರೂ ಇದ್ದರೆ ಅವನ ಕಾಲಿಗೆ ಬೀಳುತ್ತೇನೆ. ನಾನು ಹೌದು ಎಂದೆ. ಆಕೆ ಚಿಟ್ಟೆಯ ಮೌಸ್ ಪ್ಯಾಡನ್ನು ಹತ್ತಿರ ಎಳೆದುಕೊಂಡಳು. ಹುಡಿಗಿ ಎಂಬ ಮಾತು ಅಂದಾಗ ಆಕೆಯ ಮುಖದ ಮೇಲೆ, ನರೆಗೂದಲಿನ ಪಕ್ಕದಲ್ಲಿ, ಹುಬ್ಬಳ್ಳಿಯಲ್ಲಿ ನಾನು ನೋಡಲು ಹೋದಾಗ ಕಂಡಿದ್ದ ನಗೆಯೇ ಇತ್ತು ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಈಗ ಮೂಲೆ ಆಕೆಯದು, ಮೂಲೆಗುಂಪಾದವನು ನಾನು. ಇದನ್ನು ಊಟದ ಟೇಬಲ್ಲಿನ ಮೇಲೆ, ಹಿಟ್ಟು ತುಂಬಿದ ಕೀಲಿಗಳನ್ನು ಗುದ್ದಿ ಗುದ್ದಿ ಬರೆಯುತ್ತಿದ್ದೇನೆ. ಆದರೂ ನನ್ನ ಆಯ್ಕೆ ತಪ್ಪಿಲ್ಲ ಎಂದು ನಿಮಗೆ ಹೇಳಲೇಬೇಕು. ಇಲ್ಲಿಂದ ಆ ಮಾನಿಟರು ಪೂರ್ತಿ ಓರೆಗೆ ಬರುತ್ತದೆ, ಫ್ರಿಜ್ಜಿನ ಪಕ್ಕದ ಸಂದಿಯಿಂದ ಅಷ್ಟಿಷ್ಟು ಕಾಣುತ್ತದೆ. ಬಣ್ಣ ಒಂದಿಷ್ಟೂ ಕೆಟ್ಟಿಲ್ಲ.