ಡ್ರಿಲ್ ಮೇಷ್ಟ್ರ ಕಾರು ನೆಟ್ಟಗಾದದ್ದು

ಶಾಲೆಯ ಮಕ್ಕಳನ್ನು ನೂಲು ಹಿಡಿದಂತೆ ನೇರ ಸಾಲಿನಲ್ಲಿ ನಿಲ್ಲಿಸುವುದೇ ಡ್ರಿಲ್ ಮೇಷ್ಟ್ರ ಕಸುಬು. ಸಾಲಿನಲ್ಲಿ ಒಂದು ಮೂಗು ಆಚೀಚೆ ಆದರೂ ಅವರ ಕೊರಳಲ್ಲಿ ನೇತಾಡುವ ಸೀಟಿ ಕಿರುಚುತ್ತಿತ್ತು. ಇಂಥ ಮಹನೀಯರ ಕಾರು ಮಾತ್ರ ರಸ್ತೆಯಲ್ಲಿ ನೆಟ್ಟಗೆ ಹೋದದ್ದನ್ನು ಕಂಡವರಿಲ್ಲ. ಅದು ಸದಾ ಎಡಕ್ಕೆ ಎಳೆಯುತ್ತಿತ್ತು. ಎಡಗಡೆ ಚರಂಡಿಯಿರಲಿ, ಕಾಂಪೌಂಡಿರಲಿ, ಯಾರದೋ ಮನೆಯ ಹೊಸ ಗೇಟಿರಲಿ, ಅದಕ್ಕೆ ಭೇದಭಾವವಿರಲಿಲ್ಲ.

ಕಾರನ್ನು ತಿದ್ದುವ ಬದಲು ಮೇಷ್ಟ್ರು ತಮ್ಮನ್ನೇ ತಿದ್ದಿಕೊಂಡಿದ್ದರು. ಬಲಭುಜ ಇಳಿಸಿ, ಎಡ ಮೊಣಕೈ ಎತ್ತಿ, ಸ್ಟೀರಿಂಗನ್ನು ಸದಾ ಬಲಕ್ಕೆ ಜಗ್ಗಿ ಹಿಡಿದುಕೊಂಡೇ ಓಡಿಸುತ್ತಿದ್ದರು. ಸ್ಟೀರಿಂಗೂ ಮಹಾ ಸಡಿಲ. ಒಂದಿಷ್ಟು ತಿರುಗಿಸಿದರೆ ಚಕ್ರಗಳಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಹಾಗಾಗಿ ತಿರುವು ಕಣ್ಣಿಗೆ ಬೀಳುವ ಮೊದಲೇ ಮೇಷ್ಟ್ರು ತಿರುಗಿಸಲು ಶುರು ಹಚ್ಚಿಕೊಳ್ಳುತ್ತಿದ್ದರು. (ಹೊಸಬರು ಪಕ್ಕದಲ್ಲಿ ಕೂತರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಳಬರು ಕೂರುತ್ತಲೇ ಇರಲಿಲ್ಲ.) ಹಿಂದಿನ ಸೀಟು ಅವರ ತಾಯಿಯದು. ಬೀದಿಯವರಿಗೆಲ್ಲ ಅಜ್ಜಿಯಾದ ಆಕೆ, ಕಾರು ಜಗ್ಗಿದಾಗ ತಲೆ ಬಡಿಯದಿರಲಿ ಎಂದು ಎಡಬಾಗಿಲಿಗೆ ಒಂದು ದಿಂಬು ಒತ್ತಿಟ್ಟುಕೊಂಡೇ ಪ್ರಯಾಣ ಬೆಳೆಸುತ್ತಿದ್ದರು.

ಮೇಷ್ಟ್ರ ಹೆಂಡತಿ ಮನೆಯ ಮುಂಗೋಣೆಯಲ್ಲಿ ಮಷೀನು ಇಟ್ಟುಕೊಂಡು ಬಟ್ಟೆ ಹೊಲಿಯುವವರು. ಎಲ್ಲರ ಬಾಯಲ್ಲೂ ಟೈಲರಮ್ಮ. ಹೊಲಿದ ಬಟ್ಟೆಗಳನ್ನು ಗಿರಾಕಿಗಳ ಮನೆಗೆ ತಲುಪಿಸಲು ಕಾರು ಇದ್ದರೆ ಒಳ್ಳೆಯದೆಂದು ಡ್ರೈವಿಂಗ್ ಕಲಿತು ಲೈಸೆನ್ಸು ಕೂಡ ಮಾಡಿಸಿಕೊಂಡಿದ್ದರು. ಆದರೆ ಕಾರಿನ ಕೀ ಸಿಗಬೇಕಲ್ಲ! ಅದು ಸೀಟಿಯ ದಾರದಲ್ಲೇ ಪೋಣಿಸಿಕೊಂಡು ಮೇಷ್ಟ್ರ ಕೊರಳಲ್ಲಿರುತ್ತಿತ್ತು. ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: "ಇದು ಎಲ್ಲರ ಕೈಗೂ ಬಗ್ಗೋ ಗಾಡಿ ಅಲ್ಲ ಕಣೇ. ಇದಕ್ಕೆ ಪಳಗಿದ ಕೈ ಬೇಕು." ಟೈಲರಮ್ಮ ಬಟ್ಟೆಯ ಗಂಟು ಹೊತ್ತುಕೊಂಡು ನಡೆದೇ ಹೋಗುತ್ತಿದ್ದರು.

ಒಂದು ದಿನ ಪಳಗಿದ ಕೈ ಸ್ವಲ್ಪ ಮೈಮರೆಯಿತು. ಕಾರು ಸ್ವಂತ ಮನೆಯ ಗೇಟಿನ ಕಂಬವನ್ನೇ ಸವರಿತು, ದಿಂಬನ್ನೂ ಲೆಕ್ಕಿಸದೆ ಅಜ್ಜಿಯ ಹಣೆ ಬುಗುಟೆದ್ದಿತು. ಸಂಜೆ ಟೈಲರಮ್ಮ ಕತ್ತರಿ ಕೆಳಗಿಟ್ಟು ಖಡಾಖಂಡಿತವಾಗಿ ಹೇಳಿಬಿಟ್ಟರು.

"ನೋಡಿ, ಕಾರು ಈ ಮನೇಲಿರಬೇಕಂದ್ರೆ ಅದು ನೆಟ್ಟಗೆ ಹೋಗ್ಬೇಕು, ನಾನೂ ಓಡಿಸೋ ಹಾಗಿರ್ಬೇಕು. ಭಾನುವಾರದೊಳಗೆ ಆಗ್ಲಿಲ್ವಾ, ಸೋಮವಾರ ಗುಜರಿಯವನನ್ನ ಕರೀತೀನಿ."

ತಾಯಿಯಾದರೂ ತಮ್ಮ ಪರ ನಿಲ್ಲುತ್ತಾರೆಂದು ಮೇಷ್ಟ್ರು ಆ ಕಡೆ ನೋಡಿದರು. ಅಜ್ಜಿ ಹಣೆಗೆ ಒದ್ದೆ ಬಟ್ಟೆ ಒತ್ತಿಕೊಳ್ಳುತ್ತಾ, ಸೊಸೆ ಹೇಳಿದ್ದು ಸರಿಯಾಗೇ ಇದೆ ಎಂದರು. ಮೇಷ್ಟ್ರು ದುಡಿದು ಕೊಂಡ ಮೊದಲ ವಸ್ತು ಆ ಕಾರು. ಅದನ್ನು ಸುತ್ತಿಗೆಯಿಂದ ಚಚ್ಚಿ ತಕ್ಕಡಿಗೆ ಹಾಕುವ ದೃಶ್ಯ ಕಣ್ಣ ಮುಂದೆ ಬಂದು ಅವರಿಗೆ ಊಟ ಸೇರಲಿಲ್ಲ. ಏನೇ ಆಗಲಿ ಕಾರನ್ನು ನೆಟ್ಟಗೆ ಮಾಡಿಯೇ ತೀರುವೆನೆಂದು ಭೀಷಣ ಪ್ರತಿಜ್ಞೆ ಮಾಡಿ ಮಲಗಿದರು.

ಮರುದಿನವೇ ಚಕ್ರಗಳನ್ನು ನೇರ ಕೂರಿಸುವ ವೀಲ್ ಅಲೈನ್‌ಮೆಂಟ್ ಅಂಗಡಿಗೆ ದಂಡಯಾತ್ರೆ. ಅಂಗಡಿಯವನು ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿದ. ಅದು ಬೀಳಲಿರುವ ಹಾಲುಹಲ್ಲಿನ ಹಾಗೆ ಅಲ್ಲಾಡಿತು. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಸರಳುಗಳಿವೆಯಲ್ಲ, ಅವುಗಳ ತುದಿಯ ಕೀಲು, ಅಂದರೆ ಟೈ ರಾಡ್ ಎಂಡ್, ಎರಡೂ ಕಡೆ ಸವೆದಿದೆ ಎಂದ. ಅದಿರಲಿ, ನೀನು ಅಲೈನ್‌ಮೆಂಟ್ ಮಾಡು ಎಂದು ಮೇಷ್ಟ್ರು ಗದರಿದರು.

"ಸವೆದ ಕೀಲಿಟ್ಕೊಂಡು ಮಾಡಿದ್ರೆ ನನ್ನ ಗೇಟ್ ದಾಟೋದ್ರೊಳಗೆ ಮತ್ತೆ ಸೊಟ್ಟಗಾಗತ್ತೆ ಸಾರ್. ಮೊದಲು ಅದನ್ನ ಬದಲಾಯಿಸಿ, ಆಮೇಲೆ ಬನ್ನಿ," ಎಂದು ಅವನು ಒಳಗೆ ಹೋಗಿಬಿಟ್ಟ.

ಗ್ಯಾರೇಜಿಗೆ ಕೊಡಿ ಎಂದು ಟೈಲರಮ್ಮ ಎಷ್ಟು ಹೇಳಿದರೂ ಮೇಷ್ಟ್ರು ಕೇಳಲಿಲ್ಲ. ತಮ್ಮ ಕಾರಿನ ಮಾನ ತಾವೇ ಉಳಿಸಬೇಕು, ಕಂಡವರ ಕೈಗೆ ಕೊಡಬಾರದು ಎಂಬುದು ಅವರ ಹಟ. ಹೊಸ ಕೀಲುಗಳನ್ನು ತಂದರು. ಮಾರಿದವನು ಒಂದು ಕಿವಿಮಾತು ಹೇಳಿ ಕಳಿಸಿದ್ದ: ಹಳೆಯದು ಸರಳಿನ ಮೇಲೆ ಎಲ್ಲಿಯವರೆಗೆ ಕೂತಿದೆಯೋ ಅಲ್ಲಿ ಗುರುತು ಹಾಕಿಕೊಳ್ಳಿ, ಹೊಸದನ್ನು ಅಲ್ಲಿಗೇ ತಿರುಗಿಸಿ ಕೂರಿಸಿ.

ಶನಿವಾರ ಶಾಲೆ ಮುಗಿಸಿ ಬಂದವರೇ ಮೇಷ್ಟ್ರು ಸೊಂಟ ಕಟ್ಟಿ ನಿಂತರು. ಜಾಕ್ ಏರಿಸಿ, ಕಾರನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಿ, ಸೀಟಿ ಊದಿ ಕೆಲಸ ಆರಂಭಿಸಿದರು. ತುಕ್ಕು ಹಿಡಿದ ನಟ್ಟು ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಬಿಟ್ಟು ಕಾದರು, ಸ್ಪ್ಯಾನರಿಗೆ ಉದ್ದದ ಪೈಪು ತೊಡಿಸಿ ಜೋತುಬಿದ್ದರು, ಬೆರಳ ಗೆಣ್ಣಿನ ಚರ್ಮ ಸುಲಿಸಿಕೊಂಡರು. ಬಿಡಲಿಲ್ಲ. ನಟ್ಟು ಕೊನೆಗೂ ಸೋತಿತು. ಆಮೇಲೆ ಸುತ್ತಿಗೆ ಸೇವೆ ಮಾಡಿ ಕೀಲನ್ನೂ ಅದರ ತೂತಿನಿಂದ ಎಬ್ಬಿಸಿದರು. ಅದು ಎದ್ದ ಭರಕ್ಕೆ ಮೇಷ್ಟ್ರು ಅಂಗಾತ ಬಿದ್ದರು, ಆದರೂ ಬಿದ್ದಲ್ಲಿಂದಲೇ ವಿಜಯದ ಸೀಟಿ ಊದಿದರು.

ಗುರುತು ಹಾಕುವುದನ್ನೂ ಮರೆತಿರಲಿಲ್ಲ. ಹೆಂಡತಿ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣ ತಂದು ಎರಡೂ ಸರಳಿಗೆ ಮುದ್ದಾದ ಗೆರೆ ಎಳೆದಿದ್ದರು. ಆದರೆ ದಿನಬೆಳಗಾದರೆ ಮಕ್ಕಳ ಉಗುರು, ಕಾಲರು, ಕಿವಿಯ ಹಿಂಬದಿ ಪರೀಕ್ಷಿಸುವ ಮನುಷ್ಯ ಅವರು. ಹಳೆಯ ಕೀಲು ತಿರುಗಿಸಿ ತೆಗೆದ ಮೇಲೆ ಸರಳಿನ ಜಿಡ್ಡು ಕಣ್ಣಿಗೆ ಬಿತ್ತು. ಇಷ್ಟು ಕೊಳಕಿನ ಮೇಲೆ ಹೊಸದನ್ನು ಕೂರಿಸುವುದು ಅವರ ಜಾಯಮಾನಕ್ಕೇ ಒಗ್ಗದು. ಸೀಮೆಎಣ್ಣೆ ಸುರಿದು, ಚಿಂದಿ ಹಿಡಿದು, ಎರಡೂ ಸರಳನ್ನು ಮುಖ ಕಾಣುವ ಹಾಗೆ ತಿಕ್ಕಿದರು. ಥಳಥಳ ಹೊಳೆಯುವ ಸರಳನ್ನು ಮೆಚ್ಚಿ ನೋಡುತ್ತಿದ್ದಾಗ ಗುರುತಿನ ನೆನಪಾಯಿತು. ಅದು ಜಿಡ್ಡಿನ ಜೊತೆ ಚಿಂದಿಯಲ್ಲಿ ಸೇರಿಹೋಗಿತ್ತು.

ಯಾರಿಗೂ ಬಾಯಿ ಬಿಡದೆ, ಕಣ್ಣಳತೆಯಲ್ಲೇ ಹೊಸ ಕೀಲು ಕೂರಿಸಿ ಬಿಗಿದರು. ಭಾನುವಾರ ಬೆಳಿಗ್ಗೆ ಕಾರನ್ನು ಕೆಳಗಿಳಿಸಿದಾಗ ಮುಂದಿನ ಚಕ್ರಗಳೆರಡೂ ರಾಜಿಗೆ ಕೂತ ಬೀಗರ ಹಾಗೆ ಒಂದರ ಮುಖ ಒಂದು ನೋಡುತ್ತಿದ್ದವು. ಗೇಟಿನವರೆಗೆ ಓಡಿಸುವಷ್ಟರಲ್ಲಿ ಟೈರುಗಳು ಕಿರುಚಿದ ಸದ್ದಿಗೆ ಅಕ್ಕಪಕ್ಕದವರ ಕಿಟಕಿಗಳೆಲ್ಲ ತೆರೆದುಕೊಂಡವು. ಟೈಲರಮ್ಮನೂ ಬಂದರು, ಕೊರಳಲ್ಲಿ ಅಳತೆ ಟೇಪು. ನೆಲಕ್ಕೆ ಕೂತು, ಟೇಪಿನ ಒಂದು ತುದಿಯನ್ನು ಗಂಡನ ಕೈಗೆ ಕೊಟ್ಟು, ಚಕ್ರಗಳ ಮುಂಭಾಗದ ಅಂತರ ಅಳೆದರು, ಹಿಂಭಾಗದ ಅಂತರ ಅಳೆದರು.

"ಮುಂದೆ ಬಿಗಿ, ಹಿಂದೆ ಸಡಿಲ. ಬಿಚ್ಚಿ ಹೊಲೀಬೇಕು," ಎಂದರು. "ನೀವು ಕೆಳಗೆ ಹೋಗಿ ತಿರುಗಿಸಿ, ನಾನು ಹೇಳ್ತೀನಿ."

ಮತ್ತೆ ಸ್ಟ್ಯಾಂಡು, ಮತ್ತೆ ನೆಲ. ಟೈಲರಮ್ಮ ಎಡ ಅಂದರೆ ಎಡ, ಬಲ ಅಂದರೆ ಬಲ, ಸಾಕು ಅಂದರೆ ಸಾಕು. ಊರಿಗೆಲ್ಲ ಡ್ರಿಲ್ ಮಾಡಿಸುವ ಮೇಷ್ಟ್ರು ಅಂಗಾತ ಮಲಗಿ ತಾವೇ ಡ್ರಿಲ್ ಮಾಡಿದರು. ಕೊನೆಗೆ ಮುಂದಿನ ಅಳತೆ, ಹಿಂದಿನ ಅಳತೆ ಒಂದಕ್ಕೊಂದು ಕೂಡಿಬಂದವು. ಟೇಪು ಯಾರದಾದರೇನು, ತಿರುಗಿಸಿದ ಕೈ ನನ್ನದು ತಾನೇ ಎಂದು ಮೇಷ್ಟ್ರು ಸಮಾಧಾನ ತಂದುಕೊಂಡರು.

ಮನೆಮಂದಿಯೆಲ್ಲ ಹತ್ತಿ, ಇರುವೆಗೂ ದಾರಿ ಬಿಟ್ಟುಕೊಂಡು ಅಲೈನ್‌ಮೆಂಟ್ ಅಂಗಡಿ ಸೇರಿದರು. ಅಂಗಡಿಯವನು ಹೊಸ ಕೀಲು ನೋಡಿ ತಲೆಯಾಡಿಸಿದ, ಚಕ್ರಗಳಿಗೆ ಅಳತೆ ಹಿಡಿಯುವ ತನ್ನ ತಟ್ಟೆಗಳನ್ನು ಸಿಕ್ಕಿಸಿ, ಸ್ಟೀರಿಂಗ್ ನೇರ ಕೂರಿಸಿ, ಅಲ್ಲಿಷ್ಟು ಇಲ್ಲಿಷ್ಟು ತಿರುಗಿಸಿದ. ಕಂಪ್ಯೂಟರ್ ಪರದೆಯ ಮೇಲಿನ ಅಂಕಿಗಳೆಲ್ಲ, ಸರಿಯಾಯಿತು ಎನ್ನುವಂತೆ, ಹಸಿರಾದವು. ಕಾರು ಉಳಿಯಿತು. ಮೇಷ್ಟ್ರ ಕಣ್ಣು ನಿಜವಾಗಿ ತೇವವಾಯಿತು. ಹೆಂಡತಿಗೂ ತಾಯಿಗೂ ಛಲದ ಮಹತ್ವದ ಬಗ್ಗೆ ಒಂದು ಕಿರುಭಾಷಣ ಮಾಡಿ, ಗತ್ತಿನಿಂದ ಸ್ಟೀರಿಂಗ್ ಹಿಡಿದು ಕೂತರು. ಬಲಭುಜ ಇಳಿಯಿತು. ಎಡ ಮೊಣಕೈ ಏರಿತು. ಕಾರು ಈಗ ಹೇಳಿದ ಮಾತು ಕೇಳುವಂಥದ್ದಾಗಿತ್ತಲ್ಲ, ಸೀದಾ ಬಲಕ್ಕೆ ಹೋಗಿ ಹಳೇ ಟೈರುಗಳ ರಾಶಿಗೆ ನುಗ್ಗಿತು.

ಎರಡನೇ ಸಲ ಎಡಕ್ಕೆ ತಿರುಗಿಸಿದರು. ಹಳೇ ಸಡಿಲದ ಲೆಕ್ಕದಲ್ಲಿ ತಿರುಗಿಸಿದ್ದರಿಂದ ಕಾರು ನೀರಿನ ಡ್ರಮ್ಮಿಗೆ ಮುತ್ತಿಡುವುದೊಂದು ಬಾಕಿ. ಮೇಷ್ಟ್ರು ಇಳಿದು, ಕೆಲಸ ಕೆಡಿಸಿದ್ದೀಯ, ಈಗ ಬಲಕ್ಕೆ ಎಳೆಯುತ್ತಿದೆ ಎಂದು ಅಂಗಡಿಯವನ ಮೇಲೆ ಹರಿಹಾಯ್ದರು. ಅವನು ಮತ್ತೆ ತಟ್ಟೆ ಸಿಕ್ಕಿಸಿದ. ಅಂಕಿಗಳು ಹಸಿರು. ತಾನೇ ಕೂತು, ಖಾಲಿ ರಸ್ತೆಯಲ್ಲಿ ಎರಡೂ ಕೈ ಎತ್ತಿ ತೋರಿಸುತ್ತಾ ಕೊನೆಯವರೆಗೆ ಹೋಗಿ ಬಂದ. ಮೂರನೇ ಸಲ ಮೇಷ್ಟ್ರು ಹಲ್ಲು ಕಚ್ಚಿ, ನೇರ, ನೇರ ಎಂದು ತಮಗೇ ಹೇಳಿಕೊಂಡು ಹೊರಟರು. ಕೈಗಳು ಕೇಳಬೇಕಲ್ಲ! ಕಾರು ಮತ್ತೆ ಬಲಕ್ಕೇ ಹೊರಳಿತು. ಅಜ್ಜಿ ದಿಂಬಿನ ಸಮೇತ ಇಳಿದು, ತಾವು ನಡೆದೇ ಮನೆಗೆ ಬರುವುದಾಗಿ ಸಾರಿದರು.

ಟೈಲರಮ್ಮ ಕೈ ಚಾಚಿದರು. ಮೇಷ್ಟ್ರು ಕೊರಳಿನ ದಾರ ತೆಗೆದು ಕೊಟ್ಟರು. ಆಕೆ ಕೀ ಮಾತ್ರ ಬಿಚ್ಚಿಕೊಂಡು ಸೀಟಿಯನ್ನು ವಾಪಸ್ ಕೊಟ್ಟರು.

"ಎಲ್ಲರ ಕೈಗೂ ಬಗ್ಗೋ ಗಾಡಿ ಅಲ್ಲ ಅಂತಿದ್ರಿ. ಈಗ ಎಲ್ಲರ ಕೈಗೂ ಬಗ್ಗತ್ತೆ ರೀ, ನಿಮ್ಮ ಕೈಗೊಂದು ಬಿಟ್ಟು."

ಕಾರು ಹೊಲಿಗೆ ಹಾಕಿದ ಹಾಗೆ ನೇರವಾಗಿ ಮನೆ ಸೇರಿತು. ಸೊಸೆ ಸ್ಟೀರಿಂಗ್ ಹಿಡಿದದ್ದು ಕಂಡು ಮತ್ತೆ ಹತ್ತಿ ಕೂತಿದ್ದ ಅಜ್ಜಿ, ದಾರಿಯುದ್ದಕ್ಕೂ ದಿಂಬನ್ನು ತಲೆಯ ಕೆಳಗಿಟ್ಟು ಗೊರಕೆ ಹೊಡೆದರು. ಸಂಜೆ ಮೇಷ್ಟ್ರು ಮೆಲ್ಲಗೆ ಹಳೇ ಕೀಲುಗಳನ್ನು ಹುಡುಕಿಕೊಂಡು ಅಂಗಳಕ್ಕೆ ಹೋದರು. (ಯಾಕೆಂದು ಕೇಳಬೇಡಿ.) ಗುಜರಿಯವನು ಬಂದಿದ್ದ, ಕೊಟ್ಟುಬಿಟ್ಟೆ ಎಂದರು ಅಜ್ಜಿ.

ಸೋಮವಾರ ಬೆಳಿಗ್ಗೆ ಟೈಲರಮ್ಮ ಬಟ್ಟೆಯ ಗಂಟುಗಳ ಜೊತೆ ಗಂಡನನ್ನೂ ಹತ್ತಿಸಿಕೊಂಡು ಬಂದು ಶಾಲೆಯ ಗೇಟಿನಲ್ಲಿ ಇಳಿಸಿ ಹೋದರು. ಮೇಷ್ಟ್ರು ಸಾಲಿನ ಎದುರು ನಿಂತು ಕಣ್ಣು ಹಾಯಿಸಿದರು. ಇಡೀ ಸಾಲು ವಾರೆಯಾಗಿ ಕಂಡಿತು. ಸೀಟಿ ಊದಿ, ನೆಟ್ಟಗೆ ನಿಲ್ಲಿ ಎಂದು ಗುಡುಗಿದರು. ಯಾರೂ ಅಲುಗಲಿಲ್ಲ. ಮುಂದೆ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ಸ್ವಲ್ಪ ಅಳುಕುತ್ತಲೇ ಹೇಳಿದಳು:

"ನಾವು ನೆಟ್ಟಗೇ ಇದೀವಿ ಸಾರ್. ನೀವೇ ಬಲಕ್ಕೆ ವಾಲಿದೀರ."

ಮೇಷ್ಟ್ರು ನೆಲದ ಮೇಲಿನ ತಮ್ಮ ನೆರಳು ನೋಡಿಕೊಂಡರು. ಬಲಭುಜ ಕೆಳಗಿತ್ತು, ಎಡ ಮೊಣಕೈ ಮೇಲಿತ್ತು. ಸೀಟಿಯನ್ನು ಸದ್ದಿಲ್ಲದೆ ಅಂಗಿಯೊಳಗೆ ಇಳಿಬಿಟ್ಟುಕೊಂಡರು.