ಕೋಳಿಗಳ ಬಾಣಂತನ

ಹೇಳಿದ ಬೆಲೆಗೇ ಸಾಮಾನು ತಂದ ದಿನ ನನಗೆ ಅನ್ನ ಸೇರುವುದಿಲ್ಲ. ಇದು ರೋಗ ಎನ್ನುತ್ತಾಳೆ ಹೆಂಡತಿ ಲಲಿತಾ, ವಿದ್ಯೆ ಎನ್ನುತ್ತೇನೆ ನಾನು. ಅಮೆರಿಕದಲ್ಲಿ ಚೌಕಾಸಿ ನಡೆಯುವುದಿಲ್ಲ ಎನ್ನುವವರನ್ನು ನಂಬಬೇಡಿ. ಗಡಿಯಾರ ನೋಡಿಕೊಂಡು ಎರಡು ಹೆಜ್ಜೆ ಹಿಂದಕ್ಕಿಡಿ, ಸಾಕು. ಸ್ಯಾನ್ ಹೋಸೆಯ ಫ್ಲೀ ಮಾರ್ಕೆಟ್ ಎಂಬ ಹಳೆಸಾಮಾನಿನ ಸಂತೆಯಲ್ಲಿ ಟೊಮೆಟೊ ಗಿಡಗಳಿಗೆಂದು ತಂತಿ ಬಲೆಯನ್ನು ನಾನು ಹೀಗೆ ಎಳೆದೆಳೆದು ಕೇಳಿದಾಗ, ಮಾರುವವನು ಬೆಲೆ ಇಳಿಸುವ ಬದಲು ಮೂರು ಕೋಳಿಗಳನ್ನು ಮೇಲೆ ಕೊಟ್ಟು, ಇನ್ನು ಹೊರಡಪ್ಪಾ ಎಂದ. ಮೊಟ್ಟೆಯನ್ನೂ ಮುಟ್ಟದ ಮನೆಗೆ ಕೋಳಿ ಬಂದದ್ದು ಹೀಗೆ.

ಎಂಟು ವರ್ಷದ ಮಗಳು ಸುಷ್ಮಾ ಅಂದೇ ಹೆಸರಿಟ್ಟಳು: ಗಂಗಾ, ಗೌರಿ, ಮೂರನೆಯದಕ್ಕೆ ತನ್ನ ಕ್ಲಾಸ್ ಟೀಚರ್ ಹೆಸರು. ನಡಿಗೆ ನೋಡಿದರೆ ತಪ್ಪೆನ್ನುವಂತಿರಲಿಲ್ಲ. ಡಿಸೆಂಬರಿನ ಮೊದಲ ವಾರ ಅವಳಿಗೆ ತಮ್ಮ ಹುಟ್ಟಿದ. ಮನೆಮಂದಿಯೆಲ್ಲ ತೊಟ್ಟಿಲ ಸುತ್ತ ನೆರೆದರೆ, ಅವಳು ಹಿತ್ತಲಿನ ಕೋಳಿಗೂಡಿನ ಮುಂದೆ ಕೂತು ಕೋಳಿಗಳ ಜೊತೆ ಇಂಗ್ಲಿಷಿನಲ್ಲಿ ಕಷ್ಟಸುಖ ಮಾತಾಡುತ್ತಿದ್ದಳು.

ಆಗ ಇಳಿಯಿತು ನೋಡಿ ಚಳಿ. ಕ್ಯಾಲಿಫೋರ್ನಿಯಾ ಎಂದರೆ ಬರೀ ಬಿಸಿಲು ಎಂದು ಮೈಸೂರಿಗೆ ಕಾಗದ ಬರೆದಿದ್ದವನು ನಾನು. ಒಂದು ಬೆಳಗ್ಗೆ ಎದ್ದರೆ ಕೊಳಾಯಿ ಒಡೆದಿತ್ತು, ನಿಂಬೆ ಗಿಡ ಕಪ್ಪಾಗಿತ್ತು, ಕೋಳಿಗಳ ತಟ್ಟೆಯಲ್ಲಿ ಹೆಪ್ಪುಗಟ್ಟಿದ ನೀರಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು. ನಮ್ಮ ಎವರ್‌ಗ್ರೀನ್ ಬಡಾವಣೆಯ ಗುಡ್ಡದ ಮೇಲೆ ಆಯುಷ್ಯವಿಡೀ ಕುದುರೆ, ಕೋಳಿ ಸಾಕಿದ ನೆರೆಯ ಮ್ಯಾನುಯೆಲ್ ಬೇಲಿಯಾಚೆಯಿಂದ ಇಣುಕಿ, ಇವು ಫೆಬ್ರವರಿ ಕಾಣುವುದಿಲ್ಲ, ಈಗಲೇ ಕೊಟ್ಟರೆ ಸೂಪಿಗಾದರೂ ಆಗುತ್ತವೆ ಎಂದ. ಇಂಥ ಮಾತಿಗೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಪಂದ್ಯ ಕಟ್ಟಿದೆ: ಫೆಬ್ರವರಿ ಒಂದಕ್ಕೆ ಮೂರೂ ಬದುಕಿದ್ದರೆ ಅವನು ನನ್ನ ತೋಟಕ್ಕೆ ಒಂದು ಟ್ರಕ್ಕು ಹಳೆಯ ಕುದುರೆ ಗೊಬ್ಬರ ಕೊಡಬೇಕು. ಒಂದು ಸತ್ತರೂ ಉಳಿದವು ಅವನಿಗೆ. ಕೈ ಕುಲುಕಿ ತಿರುಗಿದರೆ ಹಿಂದೆ ಸುಷ್ಮಾ, ಕೈಯಲ್ಲಿ ಕಾಳಿನ ಬಟ್ಟಲು.

"ಬಟ್ ದೇ ಆರ್ ಮೈನ್, ಅಪ್ಪಾ" ಎಂದಳು. ಅಷ್ಟೇ. ಆಮೇಲೆ ನನ್ನೊಡನೆ ಮಾತು ಬಿಟ್ಟಳು.

ಬಾಣಂತನಕ್ಕೆಂದು ಅತ್ತೆಯವರು ಶುಂಠಿ, ಮೆಣಸು, ಓಮ, ಹರಳೆಣ್ಣೆ ಸಮೇತ ಮೈಸೂರಿನಿಂದ ಬಂದಿದ್ದರು. ಗರಾಜಿನ ಮೇಲಿದ್ದ ಬಾಣಂತಿ ಕೋಣೆಯನ್ನು ನಾನು ಬಾಗಿಲಾಚೆಯಿಂದ ಅಭ್ಯಾಸ ಮಾಡಿದೆ: ಬಾಗಿಲ ಸಂದಿಗೆ ಟವೆಲು, ಲಲಿತಾಳ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಸೂತ್ರ ಸಿಕ್ಕಿತು. ಗೂಡಿನ ಒಂದೊಂದು ಸಂದಿಗೂ ಹಳೆಯ ವಾರಪತ್ರಿಕೆ ತುರುಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಕಂಬಳಿ ಬಿಗಿದೆ. ಸೊಳ್ಳೆಯೂ ನುಗ್ಗುವಂತಿರಲಿಲ್ಲ. ಮೂರನೆಯ ಬೆಳಗ್ಗೆ ತೆರೆದರೆ ಒಳಗೆ ನೀರು ತೊಟ್ಟಿಕ್ಕುತ್ತಿತ್ತು, ಹುಲ್ಲು ಒದ್ದೆ, ವಾಸನೆಗೆ ಕಣ್ಣು ಉರಿ. ಗೌರಿ ಗೊರಗೊರ ಎನ್ನುತ್ತಿದ್ದಳು. ಸುಷ್ಮಾ ಗೌರಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಅಜ್ಜಿಯನ್ನು ಕರೆತಂದವಳು ಅವಳೇ. ಮಡಿಯ ಅತ್ತೆಯವರು ಹತ್ತಡಿ ದೂರದಲ್ಲೇ ನಿಂತು ಇಣುಕಿದರು.

"ಇದೇನ್ರೀ ಅಳಿಯಂದಿರೇ, ಇವು ಉಸಿರಾಡೋದು ಎಲ್ಲಿಂದ?"

ನೀವು ಮಗಳಿಗೆ ಮಾಡಿದ್ದನ್ನೇ ನಾನೂ ಮಾಡಿದ್ದೇನೆ ಎಂದೆ.

"ಗೋಡೆ ನೆತ್ತಿ ಮೇಲಿನ ಗವಾಕ್ಷಿ ಹಗಲೂ ರಾತ್ರಿ ತೆಗೆದೇ ಇಟ್ಟಿದೀನಿ. ಕತ್ತೆತ್ತಿ ನೋಡಿದೀರಾ ಒಂದಿನ ಆದ್ರೂ? ಮೈಗೆ ಗಾಳಿ ತಗಲ್ಬಾರ್ದು, ಕೆಟ್ಟ ಗಾಳಿ ಮೇಲಿಂದ ಹೋಗ್ತಿರ್ಬೇಕು."

ಅಂದೇ ಗೂಡಿನ ಸೂರಿನ ಕೆಳಗೆ ಎರಡೂ ಕಡೆ ಗರಗಸದಿಂದ ಕಿಂಡಿ ಕೊರೆದೆ. ಒಣಹುಲ್ಲು ಬದಲಾಯಿತು. ಅತ್ತೆಯವರು ದೂರದಿಂದ ಅಪ್ಪಣೆ ಕೊಡುವುದು, ಸುಷ್ಮಾ ಕೋಳಿಗಳ ಜುಟ್ಟಿಗೆ ಹರಳೆಣ್ಣೆ ಸವರುವುದು, ಸ್ಕೂಲಿಗೆ ಮೊದಲು ಬಿಸಿನೀರು, ಮೆಣಸು ಹಾಕಿದ ಬಿಸಿ ಅನ್ನ. ಇಂಗ್ಲಿಷು ಬಿಟ್ಟು ಬಾಯಿ ತೆರೆಯದ ಹುಡುಗಿ ಒಂದು ಬೆಳಗ್ಗೆ ಓಡಿಬಂದು, "ಅಜ್ಜೀ, ಗೌರಿ ಊಟ ಮಾಡ್ತು" ಎಂದಳು. ಅಜ್ಜಿ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು, ಹೊಗೆ ಎಂದರು. ನಮ್ಮದು ಎಲೆಕ್ಟ್ರಿಕ್ ಒಲೆ.

ಫೆಬ್ರವರಿ ಒಂದರಂದು ಮೂರೂ ಕೋಳಿ ಮ್ಯಾನುಯೆಲ್‌ನ ಮುಂದೆ ಮೆರವಣಿಗೆ ಹೊರಟವು. ಅವನ ಹುಂಜದ ಜುಟ್ಟಿನ ತುದಿಯೇ ಚಳಿಗೆ ಕಪ್ಪಾಗಿತ್ತು. ಗೌರಿ ಆಗತಾನೇ ಇಟ್ಟ ಮೊಟ್ಟೆಯನ್ನು ಸುಷ್ಮಾ ಅವನ ಕೈಗೆ ಕೊಟ್ಟು, ಸೂಪಿಗೆ ಎಂದಳು. ಅಂದಿನಿಂದ ನನ್ನೊಡನೆಯೂ ಮಾತಾಡತೊಡಗಿದಳು. ಕಿಂಡಿಯ ವಿದ್ಯೆ ಯಾರು ಕಲಿಸಿದರು ಎಂದು ಮ್ಯಾನುಯೆಲ್ ಕೇಳಿದ. ಇದು ನಮ್ಮ ವಂಶದ ಹಳೆಯ ಇಂಜಿನಿಯರಿಂಗು ಎಂದು ಅರ್ಧ ಗಂಟೆ ವಿವರಿಸಿದೆ. ಪಕ್ಕದಲ್ಲೇ ನಿಂತಿದ್ದ ಅತ್ತೆಯವರಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಪುಣ್ಯ.

ಶನಿವಾರ ಬೆಳಗ್ಗೆ ಟ್ರಕ್ಕು ಬಂತು. ತುಂಬಿ ತುಳುಕಬೇಕೆಂದು ಕರಾರು ಮಾಡಿದ್ದೆ, ತುಳುಕುತ್ತಿತ್ತು. ಹಳೆಯದೇ ಆಗಬೇಕೆಂದಿದ್ದೆ, ಹಳೆಯದೇ. ಎಲ್ಲಿ ಸುರಿಯಬೇಕೆಂಬುದನ್ನು ಮಾತ್ರ ಚೌಕಾಸಿಯಲ್ಲಿ ಸೇರಿಸಿರಲಿಲ್ಲ. ಮ್ಯಾನುಯೆಲ್ ಅಷ್ಟನ್ನೂ ನನ್ನ ಗರಾಜಿನ ಬಾಗಿಲಿಗೆ, ಒಳಗಿದ್ದ ಕಾರು ಹೊರಬರದಂತೆ ಸುರಿದು, ಟೋಪಿ ಎತ್ತಿ ಹೋದ. ನಾನು ಸಲಿಕೆ ಹಿಡಿದು ಮೊದಲ ಬುಟ್ಟಿ ತುಂಬುವಾಗ ತಲೆಯ ಮೇಲೆ ಕಿರ್ ಎಂದಿತು. ಕತ್ತೆತ್ತಿ ನೋಡಿದೆ. ಬಾಣಂತನ ಶುರುವಾದಾಗಿನಿಂದ ಮೊದಲ ಬಾರಿಗೆ ಅತ್ತೆಯವರು, ಮೂಗಿಗೆ ಸೆರಗು ಹಿಡಿದು, ಗವಾಕ್ಷಿಯನ್ನು ಮುಚ್ಚುತ್ತಿದ್ದರು.