ಸೂರ್ಯನ ಕೆಲಸದವನಿಗೆ ಹೆಣ್ಣು

ಸೂರ್ಯನ ಮೇಲೆ ಸಂಶೋಧನೆ ಮಾಡುವವನು ಚೆನ್ನೈಯಲ್ಲಿದ್ದರೆ ಫಜೀತಿಗೇನೂ ಬರವಿಲ್ಲ. ಮೇ ತಿಂಗಳ ಸೆಖೆಗೆಲ್ಲ ನಾನೇ ಹೊಣೆ ಅನ್ನುವ ಹಾಗೆ ಆಟೋದವನೂ ದುರುಗುಟ್ಟುತ್ತಾನೆ. ಅದನ್ನೆಲ್ಲ ನುಂಗಿಕೊಂಡೆ. ಮೆಚ್ಚಿದ ಹುಡುಗಿಯ ಮನೆಯಲ್ಲೂ ಅದೇ ಗೋಳು ಶುರುವಾದಾಗ ಮಾತ್ರ ನಿಜಕ್ಕೂ ಹೆದರಿದೆ. ಅವಳಪ್ಪ ರೈಲ್ವೆ ಸಿಗ್ನಲ್ ವಿಭಾಗದಲ್ಲಿ ರಿಟೈರಾದವರು. ಅವರು ಒಪ್ಪದೆ ಮದುವೆ ಇಲ್ಲ.

೧. ಸ್ವೆಟರ್

ಮೊದಲ ಸಲ ಪೆರುಂಗುಡಿಯ ಆಫೀಸಿನಿಂದ ನೇರ ಅವರ ಮನೆಗೆ ಹೋದೆ. ನಮ್ಮ ಕಂಪ್ಯೂಟರುಗಳಿಗೆ ಎ.ಸಿ. ಜೋರು, ಹಾಕಿಕೊಂಡ ಸ್ವೆಟರ್ ಮೈಮೇಲೇ ಇತ್ತು.

"ಏನು ಕೆಲಸ?" ಅಂದರು ಅವಳಪ್ಪ.

"ಸೂರ್ಯನ ಬಿಸಿ ಎಷ್ಟಿದೆ, ಯಾಕೆ ಸಿಡೀತಾನೆ ಅಂತ ನೋಡ್ತೀನಿ ಸಾರ್."

ನನ್ನ ಸ್ವೆಟರನ್ನು ಮೇಲಿಂದ ಕೆಳಗೆ ನೋಡಿ, ಅಡುಗೆಮನೆಯತ್ತ ಕೂಗಿದರು: "ಏ ಇವಳೇ, ಹುಡುಗನಿಗೆ ಜ್ವರ ಬಂದಂಗಿದೆ, ಏನೇನೋ ಮಾತಾಡ್ತಿದ್ದಾನೆ. ಕಾಫಿ ಬೇಡ, ಕಷಾಯ ತಾ!"

೨. ಸಂಡಿಗೆ

ಇನ್ನೊಂದು ದಿನ ಬಾಯಿ ಸುಮ್ಮನಿರದೆ ಹುಡುಗಿಯ ಅಮ್ಮನಿಗೆ, "ಸೂರ್ಯನಲ್ಲಿ ದೊಡ್ಡ ಸ್ಫೋಟ ಆಗಿದೆ ಅಮ್ಮ, ನಾಡಿದ್ದು ಅದರ ಬಿಸಿ ನಮಗೂ ತಟ್ಟುತ್ತೆ" ಅಂದುಬಿಟ್ಟೆ. ತಟ್ಟುವುದು ಉಪಗ್ರಹಗಳಿಗೆ, ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ ಅಂತ ಹೇಳಲು ಮರೆತೆ. ಪಾಪ, ಆ ತಾಯಿ ನನ್ನ ಮಾತು ನಂಬಿ ವರ್ಷದ ಸಂಡಿಗೆಯನ್ನೆಲ್ಲ ಮಹಡಿ ಮೇಲೆ ಹರವಿದರು. ಧೋ ಅಂತ ಮಳೆ ಬಂತು!

ಮುಂದಿನ ಊಟದಲ್ಲಿ ಎಲ್ಲರ ಎಲೆಗೂ ಅಂಗಡಿ ಹಪ್ಪಳ. ನನ್ನ ಎಲೆಗೆ ಮಾತ್ರ ಅದೇ ನೆಂದ ಸಂಡಿಗೆ.

೩. ಹಳಿ

ಕೊನೆಗೆ ಅವಳಪ್ಪ ಎದುರು ಕೂರಿಸಿಕೊಂಡರು. "ಸರಿ ಪಾ, ಸೂರ್ಯ ಯಾಕೆ ಸಿಡೀತಾನೆ, ನನಗೆ ಅರ್ಥ ಆಗೋ ಹಾಗೆ ಹೇಳು. ಅರ್ಥ ಆದ್ರೆ ಮದುವೆ ಮಾತು. ಇಲ್ಲಾಂದ್ರೆ ನಮಸ್ಕಾರ."

ಅವರ ದಾರಿಯಲ್ಲೇ ಹೊರಟೆ. "ಸೂರ್ಯನ ಮೇಲೆ ಕಾಂತದ ರೇಖೆಗಳಿವೆ ಸಾರ್, ಹಳಿ ಅಂದ್ಕೊಳ್ಳಿ. ಪ್ಲಾಸ್ಮಾ ಅಂತ ಕುದಿಯೋ ಅನಿಲ, ಅದೇ ರೈಲು. ಹಳಿ ಹೋದ ಕಡೆಗೇ ಹೋಗುತ್ತೆ."

"ಆಮೇಲೆ?"

"ಎದುರುಬದುರು ದಿಕ್ಕಿನ ಎರಡು ಹಳಿ ಹತ್ತಿರ ಬರ್ತವೆ..."

"ಅಯ್ಯಯ್ಯೋ! ರೈಲು ಬಿಡೋಕೆ ಲೈನ್ ಕ್ಲಿಯರ್ ಕೊಟ್ಟೋನು ಯಾರು?"

"ಯಾರೂ ಕೊಡಲ್ಲ ಸಾರ್. ಎರಡೂ ತುಂಡಾಗಿ, ಇದರ ತುದಿ ಅದಕ್ಕೆ, ಅದರ ತುದಿ ಇದಕ್ಕೆ ಸೇರಿಕೊಳ್ಳುತ್ತೆ. ಬಿಗಿದಿದ್ದ ಶಕ್ತಿಯೆಲ್ಲ ಒಮ್ಮೆಗೇ ಬಿಚ್ಚಿ ರೈಲು ಆಕಾಶಕ್ಕೆ ಹಾರುತ್ತೆ."

ಅವರು ಎದ್ದೇ ನಿಂತರು. "ಯಾವಾಗ ಅಂತ ಮೊದಲೇ ಹೇಳ್ತೀಯಾ?"

"ಸರಿಯಾಗಿ ಹೇಳೋಕಾಗಲ್ಲ ಸಾರ್."

"ಅಪ್ಪಾ, ಪೋದುಂ ಪಾ!" ಸಾಕು ಮಾಡಪ್ಪಾ ಅಂತ ಮಗಳು ತಮಿಳಲ್ಲಿ ಗೋಗರೆದಳು. ಅವರು ಎಲ್ಲಿ ಬಿಡ್ತಾರೆ?

"ಆದ್ಮೇಲೆ ನಿನ್ನ ಮೇಲೆ ಎನ್‌ಕ್ವೈರಿ?"

"ಇಲ್ಲ ಸಾರ್."

"ಸಸ್ಪೆನ್ಷನ್?"

"ಇಲ್ಲ ಸಾರ್. ಅದರ ಮೇಲೆ ಲೇಖನ ಬರೀತೀನಿ, ಪ್ರಮೋಷನ್ ಕೊಡ್ತಾರೆ."

ಮುಗೀತು ನನ್ನ ಕಥೆ ಅಂದುಕೊಂಡೆ. ಅವರು ಮಗಳ ಕಡೆ ತಿರುಗಿದರು.

"ಇಷ್ಟು ದೊಡ್ಡ ಆಕ್ಸಿಡೆಂಟಿಗೆ ಪ್ರಮೋಷನ್ನಂತೆ! ಇಂಥ ನೌಕರಿಯವನನ್ನ ಬಿಟ್ರೆ ಇನ್ನೆಲ್ಲಿ ಹುಡುಕ್ತೀಯಮ್ಮ? ಹೋಗು, ಪಂಚಾಂಗ ತಾ!"